ಬೀಗರ ಸೂಟ್‌ಕೇಸು

ಜಯಂತಪ್ಪನವರ ಕಷ್ಟಕ್ಕೆಲ್ಲ ಮೂಲ ಒಂದು ಸೂಟ್‌ಕೇಸು. ಅದೂ ಅವರದ್ದಲ್ಲ, ಬೀಗರದ್ದು.

ಮೂರು ವಾರದ ಹಿಂದೆ ಅಳಿಯ ಗಗನ್‌ನ ತಂದೆ ಲಿಂಗರಾಜ ಅವರೂ ತಾಯಿ ಪದ್ಮಾವತಮ್ಮನವರೂ ಮೈಸೂರಿನಿಂದ ಹೊರಟು, ಆಕ್ಲೆಂಡಿನಲ್ಲಿ ವಿಮಾನ ಬದಲಿಸಿ, ವೆಲ್ಲಿಂಗ್ಟನ್ನಿಗೆ ಬಂದಿಳಿದರು. ಬೆಲ್ಟಿನ ಮೇಲೆ ಅವರ ಕಂದು ಸೂಟ್‌ಕೇಸು ನಿಧಾನವಾಗಿ ತೇಲಿಕೊಂಡು ಬಂತು. ಬೀಗರು ಕೈ ಚಾಚಿದರು. "ಬಿಡಿ ಬಿಡಿ, ನೀವು ಎತ್ತೋದಾ!" ಎಂದು ಜಯಂತಪ್ಪನವರು ಮುನ್ನುಗ್ಗಿ ಅದನ್ನು ಎಳೆದರು. ಒಳಗೆ ಪದ್ಮಾವತಮ್ಮ ಸೊಸೆಗೆಂದು ತಂದ ಕಲ್ಲಿನ ಕುಟ್ಟಾಣಿ ಇದೆಯೆಂದು ಯಾರೂ ಹೇಳಿರಲಿಲ್ಲ. ದಾರಿಯಲ್ಲಿ ಸೂಟ್‌ಕೇಸಿನ ಒಂದು ಚಕ್ರ ಬೇರೆ ಮುರಿದಿತ್ತು. ಬಲಗಡೆಯ ತೊಡೆಸಂದಿಯಲ್ಲಿ ಏನೋ ಚುಳ್ಳೆಂದಿತು. ಆದರೂ ಮುಖದ ನಗು ಇಳಿಸದೆ ಕಾರಿನ ತನಕ ಹೊತ್ತರು. ಮಾರನೆಯ ದಿನ ಸ್ನಾನಕ್ಕೆ ನಿಂತಾಗ ನೋಡಿದರೆ ಅಲ್ಲೊಂದು ನಿಂಬೆಹಣ್ಣಿನ ಗಾತ್ರದ ಉಬ್ಬು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು.

"ನಿಮ್ಮ ಸೂಟ್‌ಕೇಸಿನಿಂದ ಹೀಗಾಯ್ತು ಬೀಗರೇ" ಎಂದು ಹೇಳಿಬಿಟ್ಟರೆ ಏನಾಗುತ್ತದೆ ಎಂದು ನೀವು ಕೇಳಬಹುದು. ನೀವು ಹೆಣ್ಣು ಹೆತ್ತವರಲ್ಲ ಎಂದಾಯಿತು. ಮದುವೆಯಲ್ಲಿ ಕಾಫಿ ಸ್ವಲ್ಪ ಆರಿತ್ತೆಂದು ಇದೇ ಲಿಂಗರಾಜ ಅವರು ಛತ್ರದಿಂದ ಎದ್ದು ಹೋಗಿ ಕಾರಿನಲ್ಲಿ ಕುಳಿತಿದ್ದರು. ಅವರನ್ನು ಮತ್ತೆ ಒಳಗೆ ಕರೆತರಲು ಜಯಂತಪ್ಪನವರು, ಅವರ ತಮ್ಮ, ಪುರೋಹಿತರು ಮೂವರೂ ಕೈಮುಗಿಯಬೇಕಾಯಿತು. ಆರಿದ ಕಾಫಿಗೇ ಹಾಗೆ ಮಾಡಿದವರು, "ನಿಮ್ಮಿಂದ ನನ್ನ ಕರುಳು ಹೊರಬಂತು" ಎಂದರೆ ಸುಮ್ಮನಿರುತ್ತಾರೆಯೇ? ಅನುಭವಿಸುವವಳು ಮಗಳು ಧನುಶ್ರೀ.

ಅದೂ ಅಲ್ಲದೆ ಮನೆಯಲ್ಲಿ ಆಗಲೇ ಒಂದು ಹುಣ್ಣಿತ್ತು. ಜಯಂತಪ್ಪ, ವಿಜಯಮ್ಮ ದಂಪತಿಗೆ ವೆಲ್ಲಿಂಗ್ಟನ್ ಪಕ್ಕದ ಪೊರಿರುವಾದಲ್ಲಿ, ಮಗಳು ಅಳಿಯನ ಈ ಮನೆಯಲ್ಲೇ ಕಾಯಂ ವಾಸ. ಮಗಳು ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ಹೋದ ವರ್ಷ ಇಬ್ಬರಿಗೂ ರೆಸಿಡೆನ್ಸಿ ಕೊಡಿಸಿದ್ದಳು. ಈ ದೇಶದಲ್ಲಿ ರೆಸಿಡೆಂಟ್ ಆದವರಿಗೆ ವಯಸ್ಸೆಷ್ಟೇ ಆಗಿರಲಿ, ಸರ್ಕಾರಿ ಆಸ್ಪತ್ರೆ ಬಿಟ್ಟಿ. ವಿಸಿಟರ್ ವೀಸಾದವರಿಗೆ ಆ ಭಾಗ್ಯ ಇಲ್ಲ. ಬೀಗರು ಬಂದ ಮೊದಲ ದಿನವೇ ಜಯಂತಪ್ಪನವರು ಊಟದ ಮಧ್ಯೆ, "ನಮಗೇನು, ಇಲ್ಲಿ ಎಲ್ಲಾ ಸರ್ಕಾರದ್ದೇ ನೋಡಿ" ಎಂದುಬಿಟ್ಟರು. ಬೀಗರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಅಂದ್ರೆ," ಎಂದರು ಬೀಗರು, "ಮಗನ ಮನೇಲಿ ಅಪ್ಪ ವಿಸಿಟರ್ರು. ಹೆಣ್ಣು ಕೊಟ್ಟ ಮಾವ ರೆಸಿಡೆಂಟು. ಒಳ್ಳೇ ದೇಶ."

ಅಂದಿನಿಂದ ಜಯಂತಪ್ಪನವರು ಆ ಮನೆಯಲ್ಲಿ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದರು.

ಇಂಥ ಹೊತ್ತಿನಲ್ಲಿ ದಾರಿ ತೋರಿಸಿದವರು ಪಕ್ಕದ ಮನೆಯ ಚಂಪಾ. ಧಾರವಾಡದವರು, ಇಲ್ಲಿನ ವೃದ್ಧಾಶ್ರಮವೊಂದರಲ್ಲಿ ಕೆಲಸ. ಊರಿನಲ್ಲಿ ಯಾರಿಗೆ ಯಾವ ರೋಗ ಎಂಬುದು ರೋಗಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಬೇಲಿಯಾಚೆ ಜಯಂತಪ್ಪನವರು ಕುಂಟುವುದನ್ನು ಕಂಡು, ಒಂದೇ ಏಟಿಗೆ, "ಹರ್ನಿಯಾ ಏನ್ರೀ ಅಣ್ಣಾರ?" ಎಂದರು.

"ಶ್! ಮೆಲ್ಲಗೆ ತಾಯಿ."

"ತಾನಾಗೇ ಬಂತೋ, ಏನರ ಎತ್ತೀರೋ?"

"ಏನೋ ಒಂದು ಭಾರ ಎತ್ತಿದೆ ಅಂತಿಟ್ಕೊಳ್ಳಿ."

"ಹಂಗಿದ್ರ ನಿಮ್ಮ ನಸೀಬು ಛಲೋ ಅದ!" ಎಂದು ಚಂಪಾ ಕೈ ತಟ್ಟಿದರು. "ಕೇಳ್ರಿ ಇಲ್ಲೆ. ತಾನಾಗೇ ಬಂದದ್ದು ಅಂದ್ರ ಸರ್ಕಾರಿ ದವಾಖಾನಿ. ನೀವು ರೆಸಿಡೆಂಟು, ರೊಕ್ಕ ಕೊಡೂದು ಬ್ಯಾಡ, ಖರೆ. ಆದ್ರ ಪಾಳಿ ಹಚ್ಚಬೇಕು. ನಮ್ಮಲ್ಲಿ ಒಬ್ಬ ಅಜ್ಜ ಪಾಳಿಯೊಳಗ ನಿಂತು ನಿಂತು ತೀರಿಕೊಂಡ. ಎತ್ತಿ ಆದದ್ದು, ಬಿದ್ದು ಆದದ್ದು ಅಂದ್ರ ಅದು ಆಕ್ಸಿಡೆಂಟು. ಅದಕ್ಕ ಎಸಿಸಿ ಅಂತ ಸರ್ಕಾರದ್ದ ಬ್ಯಾರೇನ ಖಾತೆ ಅದ, ಖರ್ಚೆಲ್ಲಾ ಅವರ ಕೊಡ್ತಾರ. ಲಗೂನ ಆಪರೇಶನ್ ಮಾಡಸ್ತಾರ. ಡಾಕ್ಟರ್ ಮುಂದ ಖರೆ ಖರೆ ಹೇಳ್ರಿ, ಮುಗೀತು."

ಜಯಂತಪ್ಪನವರಿಗೆ ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳಬೇಕಾಗಿಲ್ಲ, ಲಂಚ ಕೊಡಬೇಕಾಗಿಲ್ಲ, ವಶೀಲಿ ಹಚ್ಚಬೇಕಾಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು. ಸಾರಿಗೆ ಸಂಸ್ಥೆಯ ಉಗ್ರಾಣದಲ್ಲಿ ಕೆಲಸ ಮಾಡಿ, ಒಂದು ಬೋಲ್ಟನ್ನೂ ಸುಳ್ಳು ಲೆಕ್ಕ ಬರೆಯದೆ ನಿವೃತ್ತರಾದ ಮನುಷ್ಯ. ಒಂದೇ ತೊಡಕು: ಡಾಕ್ಟರ ಕೋಣೆಯಲ್ಲಿ ಬೀಗರು ಇರಬಾರದು, ಅಷ್ಟೆ.

ಡಾಕ್ಟರ ಬಳಿ ಹೋಗಬೇಕಾದ ದಿನ ಬೆಳಿಗ್ಗೆ ಜಯಂತಪ್ಪನವರು ಸದ್ದಿಲ್ಲದೆ ಶೂ ಹಾಕಿಕೊಂಡರು. ಮಗಳು, ಅಳಿಯ ಕೆಲಸಕ್ಕೆ ಹೋಗಿಯಾಗಿತ್ತು. ಬೀಗರು ಸೋಫಾದ ಮೇಲೆ ಕಾಲು ಚಾಚಿ ಮೊಬೈಲು ನೋಡುತ್ತಿದ್ದರು.

"ಎಲ್ಲಿಗೆ ಹೊರಟ್ರಿ?"

"ಹೀಗೇ, ಒಂದು ವಾಕು."

"ಈ ಗಾಳೀಲಾ? ಆಳನ್ನೇ ಹಾರಿಸ್ಕೊಂಡು ಹೋಗೋ ಹಾಗಿದೆ."

ಅಷ್ಟರಲ್ಲಿ ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಕಿಟಕಿ ಇಳಿಸಿದ ಚಂಪಾ ಅವರ ಗಂಟಲು ಗಾಳಿಯನ್ನೂ ಸೀಳಿಕೊಂಡು ಒಳಗೆ ಬಂತು. "ಅಣ್ಣಾರ! ನಿಮ್ಮ ಹರ್ನಿಯಾ ತೋರ್ಸಲಿಕ್ಕೆ ಹೊತ್ತಾತು, ಬರ್ರಿ!"

ವಿಜಯಮ್ಮ ಅಡುಗೆಮನೆಯಿಂದ ಓಡಿ ಬಂದರು. ಪದ್ಮಾವತಮ್ಮ ಜಪ ನಿಲ್ಲಿಸಿದರು. ಬೀಗರು ಎದ್ದು ಕುಳಿತರು.

"ಹರ್ನಿಯಾನಾ? ಒಂದು ಮಾತು ಹೇಳಲಿಲ್ವಲ್ಲ ಬೀಗರೇ! ನಾವೇನು ಹೊರಗಿನವರಾ? ಓಹೋ, ನಾವು ವಿಸಿಟರ್ರು ಅಲ್ವಾ, ಮರೆತಿದ್ದೆ."

"ಅಯ್ಯೋ, ಹಾಗಲ್ಲ ಬೀಗರೇ, ಸಣ್ಣದು…"

"ಸಣ್ಣದೋ ದೊಡ್ಡದೋ, ನಿಮ್ಮನ್ನ ಒಬ್ಬರನ್ನೇ ಕಳಿಸ್ತೀವಾ? ನಾನೂ ಬರ್ತೀನಿ. ಇಲ್ಲಿನ ಡಾಕ್ಟರು ನಮ್ಮ ಕಡೆಯೋರು ಅಂತ ಗಗನ್ ಹೇಳ್ತಿದ್ನಲ್ಲ? ಹೇಗೂ ಹೋಗ್ತಿದೀವಿ, ಹಾಗೇ ನನ್ನ ಸೊಂಟಾನೂ ಒಂದ್ಸಲ ತೋರಿಸಿಬಿಡೋಣ."

ನಮ್ಮವರಿಗೆ ಡಾಕ್ಟರೆಂದರೆ ಬಾಡಿಗೆ ಜೀಪಿದ್ದ ಹಾಗೆ. ಒಬ್ಬರು ಗೊತ್ತು ಮಾಡಿದರೆ ಇನ್ನಿಬ್ಬರು ಹತ್ತಿಕೊಳ್ಳುತ್ತಾರೆ. ಜಯಂತಪ್ಪನವರು ಹೆಂಡತಿಯ ಮುಖ ನೋಡಿದರು. ವಿಜಯಮ್ಮ ಕಣ್ಣಲ್ಲೇ, "ಕರ್ಕೊಂಡು ಹೋಗಿ, ಇನ್ನೊಂದು ರಾಮಾಯಣ ಬೇಡ" ಎಂದರು. ಬೀಗರು ಆಗಲೇ ಕೋಟು ತೊಟ್ಟಿದ್ದರು.

ಕಾರಿನಲ್ಲಿ ಮುಂದಿನ ಸೀಟು ಸಹಜವಾಗಿಯೇ ಬೀಗರಿಗೆ. ಹಿಂದಿನ ಸೀಟಿನಲ್ಲಿ ಜಯಂತಪ್ಪನವರು ಉಬ್ಬಿನ ಮೇಲೆ ಕೈಯಿಟ್ಟುಕೊಂಡು ಕುಳಿತರು. ಸುಮ್ಮನಿರುವುದು ಚಂಪಾ ಅವರ ಜಾಯಮಾನದಲ್ಲೇ ಇಲ್ಲ.

"ನಿಮ್ಮ ಸ್ವಂಟಕ್ಕ ಏನಾಗೇದ್ರಿ ಅಪ್ಪಾರ?"

"ನೋವು ತಾಯಿ. ಇಪ್ಪತ್ತು ವರ್ಷದಿಂದ ಇದೆ. ನಮ್ಮ ಇನ್ಶೂರೆನ್ಸಿನೋರು ಹಳೇ ಕಾಯಿಲೆ ಅಂದ್ರೆ ಕೈ ಎತ್ತಿಬಿಡ್ತಾರೆ. ವಿಸಿಟರ್ರಿಗೆ ಇಲ್ಲಿ ಏನೂ ಇಲ್ವಂತಲ್ಲ."

"ಯಾರು ಹೇಳ್ಯಾರ್ರಿ ಹಂಗ? ಆಕ್ಸಿಡೆಂಟ್ ಆದ್ರ ವಿಸಿಟರ್ರಿಗೂ ಅದ! ಟೂರಿಸ್ಟ್ ಬಂದು ಕಾಲು ಮುರಕೊಂಡ್ರೂ ಎಸಿಸಿಯವ್ರ ನೋಡಕೋತಾರ. ಈ ದೇಶದ ನೆಲದ ಮ್ಯಾಲೆ ಆಗಿರಬೇಕು, ಅಷ್ಟ."

"ಹೌದಾ?" ಬೀಗರು ಸೀಟಿನಲ್ಲಿ ಪೂರ್ತಿ ತಿರುಗಿದರು. "ಏನಾಗಿರಬೇಕು? ಬಿದ್ದಿರಲೇಬೇಕಾ?"

"ಬೀಳಬೇಕಂತೇನಿಲ್ರಿ. ಭಾರ ಎತ್ತಿ ಉಳುಕಿದ್ರೂ ಆತು. ಈಗ ಅಣ್ಣಾರದ್ದ ನೋಡ್ರಿ, ಅವರೂ ಏನೋ ಎತ್ತ್ಯಾರ…"

ಜಯಂತಪ್ಪನವರಿಗೆ ಕೆಮ್ಮು ಬಂತು. ಅಂದರೆ ತರಿಸಿಕೊಂಡರು. ಕೆಮ್ಮಿದ ರಭಸಕ್ಕೆ ಉಬ್ಬು ಹೊರಬಂದು, ನೋವಿಗೆ "ಅಮ್ಮಾ!" ಎಂದು ನಿಜವಾಗಿಯೇ ಕೂಗಿದರು. ಚಂಪಾ ಗಾಬರಿಯಿಂದ ಬ್ರೇಕು ಹಾಕಿದರು. ಹಿಂದಿನ ಪಿಕಪ್ ಗಾಡಿಯವನು ಹಾರ್ನ್ ಬಾರಿಸಿ, ಕಿಟಕಿಯಿಂದ ತಲೆ ಹಾಕಿ ಏನೋ ಹೇಳಿದ. ಅದು ಆಶೀರ್ವಾದದಂತೆ ಕೇಳಿಸಲಿಲ್ಲ. ಈ ಗದ್ದಲದಲ್ಲಿ ಮಾತು ಅಷ್ಟಕ್ಕೇ ನಿಂತಿತು, ಜಯಂತಪ್ಪನವರು ಮನೆದೇವರನ್ನು ನೆನೆದರು. ಬೀಗರು ಮಾತ್ರ ಆಮೇಲೆ ಏನೋ ಲೆಕ್ಕ ಹಾಕುತ್ತಾ ಕುಳಿತರು.

ಕ್ಲಿನಿಕ್ಕಿನ ಕೌಂಟರಿನಲ್ಲಿದ್ದ ಬಿಳಿ ಹೆಂಗಸು ಜಯಂತಪ್ಪನವರ ಹೆಸರನ್ನು ಕಂಪ್ಯೂಟರಿನಲ್ಲಿ ನೋಡಿ, ರೆಸಿಡೆಂಟ್, ಎಲ್ಲ ಸರಿಯಿದೆ, ಕುಳಿತುಕೊಳ್ಳಿ ಎಂದು ನಕ್ಕಳು. ಬೀಗರ ಸರದಿ ಬಂದಾಗ, ನೀವು ವಿಸಿಟರಾ ಎಂದು ಕೇಳಿದಳು. ಬೀಗರ ಕಿವಿ ಕೆಂಪಾಯಿತು. ಆಕೆ ಎಲ್ಲರನ್ನೂ ಕೇಳುವಂತೆ ಇನ್ನೊಂದು ಪ್ರಶ್ನೆ ಕೇಳಿದಳು: ಇದು ಆಕ್ಸಿಡೆಂಟಿನಿಂದ ಆದದ್ದಾ?

"ಯೆಸ್," ಎಂದರು ಲಿಂಗರಾಜ ಅವರು, ಸಬ್ ರಿಜಿಸ್ಟ್ರಾರ್ ಕಚೇರಿಯ ಕುರ್ಚಿಯಲ್ಲಿ ಕುಳಿತಿದ್ದಾಗಿನ ಗತ್ತಿನಲ್ಲಿ. "ಆಕ್ಸಿಡೆಂಟ್. ಇನ್ ನ್ಯೂಜಿಲೆಂಡ್."

ಜಯಂತಪ್ಪನವರಿಗೆ ಇದು ಕೇಳಿಸಲಿಲ್ಲ. ಅವರು ಬೀಗರನ್ನು ಎಲ್ಲಿಗೆ ಸಾಗಹಾಕಬೇಕು ಎಂಬ ಚಿಂತೆಯಲ್ಲಿದ್ದರು. ಬೀಗರು ಬಂದು ಪಕ್ಕದಲ್ಲಿ ಕುಳಿತ ಮೇಲೆ ಒಂದು ಪ್ರಯತ್ನ ಮಾಡಿದರು.

"ಬೀಗರೇ, ಪಕ್ಕದಲ್ಲೇ ಒಂದು ಕೆಫೆ ಇದೆ. ಕಾಫಿ ಕುದಿಕುದಿ ಬಿಸಿ ಇರುತ್ತೆ. ಚಂಪಾ ಅವರು ಕರ್ಕೊಂಡು ಹೋಗ್ತಾರೆ. ನಾನು ಇಲ್ಲೇ ಇರ್ತೀನಿ."

"ನಿಮ್ಮನ್ನ ಬಿಟ್ಟು ಕಾಫಿ ಕುಡಿಯೋಷ್ಟು ಕಟುಕನಾ ನಾನು? ಒಳಗೂ ಬರ್ತೀನಿ. ಡಾಕ್ಟರು ಹೇಳಿದ್ದು ನಿಮಗೆ ಅರ್ಥ ಆಗದೇ ಹೋದ್ರೆ?"

"ಅವರು ಕನ್ನಡದವರೇ ಬೀಗರೇ."

"ಕನ್ನಡದಲ್ಲೇ ಹೇಳಿದ್ರೂ ಗಾಬರೀಲಿ ಅರ್ಥ ಆಗಲ್ಲ."

ಜಯಂತಪ್ಪನವರು ಗೋಡೆಯ ಮೇಲಿನ ಮೂತ್ರಪಿಂಡದ ಚಿತ್ರ ನೋಡುತ್ತಾ ಕುಳಿತರು. ಅರವತ್ತೇಳು ವರ್ಷ ಬದುಕಿ, ಎರಡು ದೇಶ ನೋಡಿ, ಒಂದು ನಿಜ ಹೇಳಲು ಇಷ್ಟು ಪರದಾಡಬೇಕೇ ಎಂದು ಅವರಿಗೆ ಮೈಯೆಲ್ಲ ಉರಿಯಿತು.

ಬಾಗಿಲು ತೆರೆದು ಡಾಕ್ಟರ್ ವಸುಂಧರಾ ಹೊರಗೆ ಬಂದರು. ಮೈಸೂರಿನಲ್ಲೇ ಓದಿದವರು, ನಗುಮುಖ. "ಇಬ್ಬರೂ ಒಂದೇ ಮನೆಯವರಂತೆ? ಇನ್ನೊಬ್ಬರು ಬರಬೇಕಿದ್ದೋರು ಬರಲಿಲ್ಲ, ಇಬ್ಬರನ್ನೂ ನೋಡ್ತೀನಿ. ಆದ್ರೆ ಇಲ್ಲಿ ಒಬ್ಬೊಬ್ಬರನ್ನೇ ಒಳಗೆ ಬಿಡೋದು. ಮೊದಲು ಯಾರು?"

ಆ ಮಾತು ಕೇಳಿ ಜಯಂತಪ್ಪನವರ ಜೀವ ಮರಳಿ ಬಂತು. ಒಬ್ಬೊಬ್ಬರನ್ನೇ! ಈ ದೇಶಕ್ಕೆ ಬಂದದ್ದು ಸಾರ್ಥಕವಾಯಿತು. ಸಂತೋಷದಲ್ಲಿ ಮನಸ್ಸಿಗಿಂತ ನಾಲಿಗೆ ಮುಂದೆ ಓಡಿತು. "ಬೀಗರು ಮೊದಲು. ಅದೇನು ಕೇಳೋದು ಡಾಕ್ಟ್ರೇ!"

ಬೀಗರು ಒಳಗೆ ಹೋದರು. ಸೊಂಟಕ್ಕೆ ಕೈ ಕೊಟ್ಟುಕೊಂಡು, ಬೆಳಗಿನಿಂದ ಇಲ್ಲದ ಕುಂಟು ಕುಂಟುತ್ತಾ ಹೋದದ್ದನ್ನು ಚಂಪಾ ಗಮನಿಸಿದರು. ಜಯಂತಪ್ಪನವರು ಗಮನಿಸಲಿಲ್ಲ. ಅವರು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದರು: 'ಡಾಕ್ಟ್ರೇ, ಮೂರು ವಾರದ ಹಿಂದೆ ಏರ್‌ಪೋರ್ಟಲ್ಲಿ ಬೀಗರ ಸೂಟ್‌ಕೇಸು ಎತ್ತಿದೆ. ಆವಾಗ ಚುಳ್ ಅಂತು. ಬೀಗರಿಗೆ ಮಾತ್ರ ಹೇಳಬೇಡಿ.' ನಾಲ್ಕು ಸಲ ಹೇಳಿಕೊಂಡರು. ಸೊಗಸಾಗಿತ್ತು. ಆಪರೇಷನ್ ಮುಗಿದು, ಮೊಮ್ಮಕ್ಕಳನ್ನು ಎತ್ತಿಕೊಂಡು ಓಡಾಡುವ ದೃಶ್ಯವೂ ಕಣ್ಣ ಮುಂದೆ ಬಂತು. ಮೊಮ್ಮಕ್ಕಳು ಇನ್ನೂ ಹುಟ್ಟಿರಲಿಲ್ಲ, ಆ ಮಾತು ಬೇರೆ.

ಬಾಗಿಲು ತೆರೆಯಿತು. ಬೀಗರು ಹೊರಗೆ ಬಂದರು. ಮುಖ ಪೂರ್ಣಚಂದ್ರ.

"ಆಯ್ತು ಬೀಗರೇ!" ಎಂದು ಇಡೀ ಕ್ಲಿನಿಕ್ಕಿಗೆ ಕೇಳುವಂತೆ ಹೇಳಿದರು. "ಎಸಿಸಿ ಆಯ್ತು! ಎಕ್ಸ್‌ರೇ, ಫಿಸಿಯೋಥೆರಪಿ, ಎಲ್ಲಾ. ವಿಸಿಟರ್ರಿಗೂ ಮರ್ಯಾದೆ ಇರೋ ದೇಶ ಕಣ್ರೀ ಇದು!"

"ಸಂತೋಷ ಬೀಗರೇ," ಎಂದರು ಜಯಂತಪ್ಪನವರು ಏಳುತ್ತಾ. "ಏನಂತ ಹೇಳಿದ್ರಿ?"

"ಇನ್ನೇನು, ಆ ಸೂಟ್‌ಕೇಸು!"

ಜಯಂತಪ್ಪನವರು ಅರ್ಧ ಎದ್ದವರು ಹಾಗೇ ನಿಂತರು.

"ಏರ್‌ಪೋರ್ಟಲ್ಲಿ ಕುಟ್ಟಾಣಿ ಇದ್ದ ಸೂಟ್‌ಕೇಸು ಎತ್ತಿದೆ, ಸೊಂಟ ಹಿಡ್ಕೊಳ್ತು ಅಂದೆ. ನಮ್ಮ ಬೀಗರು ಎತ್ತೋಕೆ ಬಂದ್ರು, ನಾನೇ ಮುಟ್ಟೋಕೂ ಬಿಡಲಿಲ್ಲ, ಪಾಪ ಅವರಿಗೆ ಮೊದಲಿಂದಲೂ ಹರ್ನಿಯಾ ಇದೆ, ಮದುವೆ ಮನೇಲೂ ಹಿಡ್ಕೊಂಡೇ ಓಡಾಡ್ತಿದ್ರು, ಹುಲ್ಲುಕಡ್ಡಿ ಎತ್ತೋಕೂ ನಾವು ಬಿಡಲ್ಲ ಅಂದೆ." ಬೀಗರು ಹತ್ತಿರ ಬಂದು ದನಿ ತಗ್ಗಿಸಿದರು. "ನನ್ನ ಸರ್ವಿಸಿನಲ್ಲಿ ಸಾಕ್ಷಿ ಇಲ್ದೆ ಒಂದು ಪತ್ರಾನೂ ರಿಜಿಸ್ಟರ್ ಮಾಡಿದೋನಲ್ಲ ನಾನು. ಅದಕ್ಕೆ, ಅನುಮಾನ ಇದ್ರೆ ಬೀಗರನ್ನೇ ಕೇಳಿ, ಕಣ್ಣಾರೆ ನೋಡಿದೋರು ಅಂತ ಹೇಳಿಬಂದಿದೀನಿ. ಹೆಣ್ಣಿನ ಕಡೆಯೋರ ಸಾಕ್ಷಿ ಅಂದ್ರೆ ತೂಕ ಜಾಸ್ತಿ."

ಕೋಣೆಯ ಬಾಗಿಲಲ್ಲಿ ನಿಂತ ಡಾಕ್ಟರ್ ವಸುಂಧರಾ, "ಬನ್ನಿ ಜಯಂತಪ್ಪನವರೇ" ಎಂದರು.

ಅಲ್ಲಿಂದ ಆ ಕುರ್ಚಿಯ ತನಕ ಜಯಂತಪ್ಪನವರು ಹೇಗೆ ನಡೆದರೋ ಅವರಿಗೇ ತಿಳಿಯದು. ಬಾಗಿಲು ಮುಚ್ಚಿತು. ಒಳಗೆ ಬೀಗರಿಲ್ಲ. ಬೆಳಗಿನಿಂದ ಬೇಡಿಕೊಂಡ ಏಕಾಂತ ಕೊನೆಗೂ ಸಿಕ್ಕಿತ್ತು.

ಡಾಕ್ಟರು ಪರೀಕ್ಷೆ ಮಾಡಿದರು, ಕೆಮ್ಮಿಸಿದರು, ಮಲಗಿಸಿದರು. "ಹರ್ನಿಯಾನೇ. ಎಷ್ಟು ದಿನದಿಂದ ಇದೆ? ಏನಾದ್ರೂ ಎತ್ತಿದಾಗ ಆಗಿದ್ದಾ, ತಾನಾಗೇ ಬಂದಿದ್ದಾ? ಚೆನ್ನಾಗಿ ನೆನಪು ಮಾಡ್ಕೊಂಡು ಹೇಳಿ. ಎತ್ತಿ ಆಗಿದ್ದರೆ ದಾರಿ ಬೇರೆ, ಬೇಗ ಆಗುತ್ತೆ."

ಜಯಂತಪ್ಪನವರು ಬಾಯಿ ತೆರೆದರು.

ನಿಜ ಹೇಳಿದರೆ ಬೀಗರು ಸುಳ್ಳುಗಾರ. ಬರೆದುಕೊಂಡ ಕ್ಲೇಮು ಹಾಳು. ಸಂಜೆ ಮನೆಯಲ್ಲಿ ಸಾಕ್ಷಿ ತಿರುಗಿಬಿದ್ದ ಸುದ್ದಿ. ನಾಳೆ ಬೀಗರು ಕಾರಿನಲ್ಲಲ್ಲ, ವಿಮಾನದಲ್ಲಿ ಹೋಗಿ ಕುಳಿತಾರು. ಆಮೇಲೆ ಮಗಳ ಗತಿ? ಹೋಗಲಿ, ಬೇರೇನೋ ಎತ್ತಿದೆ ಎನ್ನೋಣವೆಂದರೆ, ಹುಲ್ಲುಕಡ್ಡಿ ಎತ್ತಲೂ ಬಿಡುವುದಿಲ್ಲವೆಂದು ಬೀಗರು ಆ ದಾರಿಗೂ ಮುಳ್ಳು ಹಾಕಿ ಹೋಗಿದ್ದಾರೆ. ಅದೂ ಅಲ್ಲದೆ, ನಿಜ ಹೇಳಲೆಂದೇ ಬಂದ ಮನುಷ್ಯ ಸುಳ್ಳನ್ನು ಎಲ್ಲಿಂದ ತರಬೇಕು? ತೆರೆದ ಬಾಯಿ ತೆರೆದೇ ಇತ್ತು.

"ಸಂಕೋಚ ಬೇಡ, ಹೇಳಿ" ಎಂದರು ಡಾಕ್ಟರು.

"ತಾನಾಗೇ ಬಂತು ತಾಯಿ," ಎಂದರು ಜಯಂತಪ್ಪನವರು. "ಬೀಗರು ಹೇಳಿದ್ರಲ್ಲ. ಮೊದಲಿಂದಲೂ ಇತ್ತು."

ಡಾಕ್ಟರು ಪಟಪಟನೆ ಟೈಪು ಮಾಡಿದರು. "ಸರಿ, ಆಸ್ಪತ್ರೆಗೆ ಕಳಿಸ್ತೀನಿ. ನೀವು ರೆಸಿಡೆಂಟು, ನಿಮಗೆ ಪೂರ್ತಿ ಹಕ್ಕಿದೆ, ಆ ಚಿಂತೆ ಬೇಡ. ಆದ್ರೆ ತುರ್ತಿನದಲ್ಲ ನೋಡಿ, ಈ ವರ್ಷ ಆಗುತ್ತೆ ಅಂತ ಆಸೆ ಇಟ್ಕೋಬೇಡಿ. ಅಲ್ಲೀತನಕ ಭಾರ ಎತ್ತಬೇಡಿ. ನಿಮ್ಮ ಬೀಗರು ಹೇಗೂ ಎತ್ತೋಕೆ ಬಿಡಲ್ವಲ್ಲ, ಪುಣ್ಯವಂತರು ನೀವು."

ಪುಣ್ಯವಂತರು ಹೊರಗೆ ಬಂದರು. ಚಂಪಾ ಓಡಿಬಂದು, "ಆತೇನ್ರೀ ಅಣ್ಣಾರ? ಖರೆ ಹೇಳಿದ್ರಿಲ್ಲೋ?" ಎಂದು ಕಿವಿಯಲ್ಲಿ ಕೇಳಿದರು. ಜಯಂತಪ್ಪನವರು ಚಂಪಾ ಅವರನ್ನೂ ಬೀಗರನ್ನೂ ಒಂದು ಸಲ ನೋಡಿ, "ಪಾಳಿ ಹಚ್ಚಿ ಬಂದೆ" ಎಂದರು. ಚಂಪಾ ಹಣೆ ಚಚ್ಚಿಕೊಂಡರು.

ಮನೆಗೆ ಹೋಗುವ ದಾರಿಯಲ್ಲಿ ಬೀಗರು ಬಹಳ ಖುಷಿಯಲ್ಲಿದ್ದರು. ಬೀಗರಾದ ಮೇಲೆ ಮೊದಲ ಸಲ ಜಯಂತಪ್ಪನವರ ಹೆಗಲ ಮೇಲೆ ಕೈ ಹಾಕಲು ಹಿಂದಿನ ಸೀಟಿಗೇ ಬಂದು ಕುಳಿತರು. ಇಂಡಿಯನ್ ಅಂಗಡಿ ಕಂಡದ್ದೇ ಕಾರು ನಿಲ್ಲಿಸಿ, "ಮಗನ ಮನೆಗೆ ಒಂದು ಮೂಟೆ ಅಕ್ಕಿ ನಮ್ಮ ಕಡೆಯಿಂದ" ಎಂದು ತಾವೇ ಇಳಿದು ದುಡ್ಡು ಕೊಟ್ಟರು. ಇಪ್ಪತ್ತು ಕಿಲೋದ ಮೂಟೆಯನ್ನು ಅಂಗಡಿಯವನು ಬಾಗಿಲ ತನಕ ಎಳೆದು ತಂದು ಬಿಟ್ಟು, ಇನ್ನೊಬ್ಬ ಗಿರಾಕಿಯ ಕಡೆ ಹೋದ. ಚಂಪಾ ಕಾರನ್ನು ರಸ್ತೆಯಾಚೆ ನಿಲ್ಲಿಸಿಕೊಂಡಿದ್ದರು.

ಬೀಗರು ಮೂಟೆಯನ್ನು ನೋಡಿದರು. ಆಮೇಲೆ ಜಯಂತಪ್ಪನವರನ್ನು ನೋಡಿದರು. ಸೊಂಟದ ಮೇಲೆ ಕೈ ಇಟ್ಟುಕೊಂಡರು.

"ಡಾಕ್ಟರು ನನಗೆ ಆರು ವಾರ ಏನೂ ಎತ್ತಬಾರದು ಅಂದಿದಾರೆ ಬೀಗರೇ."

"ನನಗೂ ಹಾಗೇ ಅಂದ್ರು ಬೀಗರೇ," ಎಂದರು ಜಯಂತಪ್ಪನವರು, ಕೊನೆಯ ಧೈರ್ಯ ತಂದುಕೊಂಡು.

ಲಿಂಗರಾಜ ಅವರು ಕನಿಕರದಿಂದ ತಲೆಯಾಡಿಸಿದರು.

"ನಿಮ್ಮದು ಬಿಡಿ. ನಿಮ್ಮದೇನು ಎತ್ತಿ ಆಗಿದ್ದಾ? ತಾನಾಗೇ ಬಂದಿದ್ದು."